ಫೈಲು ಇಬ್ಬರ ಹೆಸರಲ್ಲೂ ಇರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮಕ್ಕಳಾಗದ ಸಂಕಟದ ಬಗ್ಗೆ ಬರೆದವರೇ ಜಾಸ್ತಿ. ಅದಕ್ಕೇ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು, ಕೆಲಸ, ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ. ಊರು ಮಾತ್ರ ಉಳಿಸಿದ್ದೇನೆ. ನಾನು ಡಾಕ್ಟರ್ ಅಲ್ಲ, ಆಪ್ತಸಲಹೆ ನನ್ನ ಕೆಲಸ. ಯಾವ ಮಾತ್ರೆ, ಎಷ್ಟು ಇಂಜೆಕ್ಷನ್ ಅನ್ನೋದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಕೇಳಬೇಕು.

ಪ್ರಶ್ನೆ: ಮೇಡಂ, ನನಗೆ 31, ನಮ್ಮ ಮನೆಯವರಿಗೆ 36. ಮದುವೆಯಾಗಿ ಆರು ವರ್ಷ ಆಯ್ತು. ಥೈರಾಯ್ಡ್, ಎಎಂಎಚ್ (ಅಂಡಾಣು ಎಷ್ಟು ಉಳಿದಿದೆ ಅಂತ ನೋಡೋ ರಕ್ತಪರೀಕ್ಷೆ), ಸ್ಕ್ಯಾನಿಂಗ್ ಎಲ್ಲ ಆಗಿದೆ. ಗರ್ಭನಾಳದ ಟ್ಯೂಬ್ ಟೆಸ್ಟ್ ಎರಡು ಸಲ ಆಯ್ತು, ಹೋದ ವರ್ಷ ಲ್ಯಾಪ್ರೋಸ್ಕೋಪಿನೂ ಆಯ್ತು. ಎಲ್ಲ ನಾರ್ಮಲ್ ಅಂತಾರೆ. ಮನೆಯವರಿಗೆ ಟೆಸ್ಟ್ ಮಾಡಿಸಿ ಅಂದ್ರೆ 'ನನಗೇನಾಗಿದೆ, ಗಟ್ಟಿಮುಟ್ಟಾಗಿದೀನಿ' ಅಂತ ಎದ್ದು ಹೋಗ್ತಾರೆ. ಅತ್ತೆ ಕೆಟ್ಟವರಲ್ಲ, ಆದರೆ ಬಂದವರ ಮುಂದೆಲ್ಲ ನನ್ನ ಆಸ್ಪತ್ರೆ ಕಥೆ ಹೇಳ್ತಾರೆ. ಮೊನ್ನೆ ಓರಗಿತ್ತಿಯ ಕುಬುಸದಲ್ಲಿ ಆರತಿ ತಟ್ಟೆ ಹಿಡಿಯೋಕೆ ಹೋದೆ. ದೊಡ್ಡತ್ತೆ ಬಂದು ಮೆಲ್ಲಗೆ ತಟ್ಟೆ ಇಸ್ಕೊಂಡು ಬೇರೆಯವರ ಕೈಗೆ ಕೊಟ್ಟರು. ನಮ್ಮ ಮನೆಯವರು ಅಲ್ಲೇ ಎಲೆ ಹಾಕಿಸ್ತಾ ಇದ್ದರು. ನೋಡಿದರು, ಸುಮ್ಮನಾದರು. ನಾನೇನು ಮಾಡಲಿ? (ಹೆಸರು ಬೇಡ, ದಾವಣಗೆರೆ)

ಉತ್ತರ: ತಂಗಿ, ಆರು ವರ್ಷದಲ್ಲಿ ನಿಮ್ಮ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದ್ದಾಯ್ತು, ನಿಮ್ಮ ಯಜಮಾನರದು ಒಂದು ಚಿಕ್ಕ ಡಬ್ಬಿ ಸ್ಯಾಂಪಲ್ ನೋಡಿಲ್ಲ! ಇದು ನಿಮ್ಮೊಬ್ಬರ ಕಥೆ ಅಂದುಕೊಳ್ಳಬೇಡಿ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳ ಕೈಲಿ ಯಾವಾಗಲೂ ಒಂದು ದಪ್ಪ ಫೈಲು ಇರುತ್ತದೆ. ಸ್ಕ್ಯಾನ್ ಫಿಲ್ಮು, ಬಿಲ್ಲು, ರಿಪೋರ್ಟು, ಎಲ್ಲದರ ಮೇಲೂ ಅವಳ ಹೆಸರೇ. ಗಂಡನ ಹೆಸರು ಇರೋದು 'ವೈಫ್ ಆಫ್' ಅನ್ನೋ ಜಾಗದಲ್ಲಿ ಮಾತ್ರ.

ಮೊದಲು ವಿಷಯ ಹೇಳಿಬಿಡುತ್ತೇನೆ. ಒಂದು ವರ್ಷ ಯಾವ ತಡೆಯೂ ಇಲ್ಲದೆ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ತಪಾಸಣೆಗೆ ಹೋಗಬೇಕು. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು ಸಾಕು, ಆಮೇಲೆ ಕಾಯಬಾರದು. ಇಂಥ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನದೂ ಒಂದು ಕಾರಣ ಇರುತ್ತದೆ, ಕೆಲವು ಕಡೆ ಅವನದೊಂದೇ. ಆದ್ದರಿಂದ ವೀರ್ಯ ಪರೀಕ್ಷೆ ಮೊದಲನೇ ವಾರದಲ್ಲೇ ಆಗಬೇಕಾದ ಟೆಸ್ಟು. ಸೂಜಿ ಇಲ್ಲ, ಅರಿವಳಿಕೆ ಇಲ್ಲ, ಖರ್ಚೂ ಕಡಿಮೆ. ಇದನ್ನು ಬಿಟ್ಟು ನಿಮಗೆ ಲ್ಯಾಪ್ರೋಸ್ಕೋಪಿ ಮಾಡಿದವರು ಯಾರೋ ಗೊತ್ತಿಲ್ಲ, ಆದರೆ ಅವರೂ ಪಟ್ಟು ಹಿಡಿದು ಕೇಳಬೇಕಿತ್ತು.

ಟೆಸ್ಟ್ ಹೇಗೆ ಅಂತ ಯಜಮಾನರಿಗೆ ಗೊತ್ತಿಲ್ಲದೇ ಇರಬಹುದು, ಗೊತ್ತಿಲ್ಲದ್ದಕ್ಕೆ ಹೆದರಿಕೆಯೂ ಇರಬಹುದು. ಎರಡರಿಂದ ಏಳು ದಿನ ಸೇರದೆ ಇರಬೇಕು. ಲ್ಯಾಬಿನಲ್ಲೇ ಒಂದು ರೂಮು ತೋರಿಸುತ್ತಾರೆ. ಎಷ್ಟೋ ಕಡೆ ಅದು ಚಿಲಕ ಸರಿಯಿಲ್ಲದ ಬಾತ್‌ರೂಮು, ಹೊರಗೆ ಕಾಯುವವರ ಮಾತು ಒಳಗೆ ಕೇಳುತ್ತಿರುತ್ತದೆ. ಗಂಡಸರು ಅರ್ಧಕ್ಕೇ ಎದ್ದು ಬರೋದು ಇದಕ್ಕೇ, ಅವರನ್ನು ಬೈಯೋಕಾಗಲ್ಲ. ಮನೆಯಲ್ಲೇ ತೆಗೆದುಕೊಟ್ಟರೂ ನಡೆಯುತ್ತದಾ ಅಂತ ಲ್ಯಾಬಿನವರನ್ನು ಮೊದಲೇ ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಅವರು ಕೊಟ್ಟ ಡಬ್ಬಿಯಲ್ಲೇ ಹಿಡಿದು, ಮೈಗೆ ತಾಗುವ ಹಾಗೆ ಅಂಗಿಯೊಳಗೆ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ನಿಮ್ಮೂರಿನ ಪಿ.ಜೆ. ಬಡಾವಣೆಯಲ್ಲಿ ಯಾರಾದರೂ ಪರಿಚಯದವರು ಕಂಡುಬಿಟ್ಟರೆ ಅನ್ನೋ ಹಿಂಜರಿಕೆ ಇದ್ದರೆ ಹರಿಹರಕ್ಕೋ ಶಿವಮೊಗ್ಗಕ್ಕೋ ಹೋಗಿ ಅಲ್ಲೇ ಕೊಡಲಿ. ಅದರಲ್ಲಿ ತಪ್ಪೇನಿಲ್ಲ.

ಗಟ್ಟಿಮುಟ್ಟಾಗಿರೋದಕ್ಕೂ ಕೌಂಟ್‌ಗೂ, ಅಂದರೆ ವೀರ್ಯಾಣುಗಳ ಸಂಖ್ಯೆಗೂ, ಸಂಬಂಧ ಇಲ್ಲ ಅಂತ ಹೇಳಿ. ದಾಂಪತ್ಯ ಚೆನ್ನಾಗೇ ನಡೆಯುತ್ತಿದ್ದರೂ ವೀರ್ಯಾಣು ಕಡಿಮೆ ಇರಬಹುದು. ಒಂದು ರಿಪೋರ್ಟ್ ಕೆಟ್ಟದಾಗಿ ಬಂತು ಅಂತ ಅಲ್ಲಿಗೆ ಮುಗಿಯಲೂ ಇಲ್ಲ. ಜ್ವರ ಬಂದು ಹೋಗಿದ್ದರೂ ಕೌಂಟ್ ಬೀಳುತ್ತದೆ. ವೀರ್ಯಾಣು ತಯಾರಾಗೋಕೆ ಎರಡೂವರೆ ಮೂರು ತಿಂಗಳು ಬೇಕು, ಗುಟ್ಕಾ, ಸಿಗರೇಟು, ಕುಡಿತ ಬಿಟ್ಟರೆ ಅದರ ಫಲ ಕಾಣೋದೂ ಅಷ್ಟು ದಿನ ಆದ ಮೇಲೆಯೇ. ರೈಸ್ ಮಿಲ್ಲಿನ ಬಾಯ್ಲರ್ ಮುಂದೆ ನಿಲ್ಲುವವರು, ದಿನವಿಡೀ ಲಾರಿ ಓಡಿಸುವವರು ಆ ಶಾಖದ ವಿಷಯವನ್ನೂ ಡಾಕ್ಟರ್‌ಗೆ ಹೇಳಬೇಕು. ವೃಷಣದ ಹತ್ತಿರ ನರ ಊದಿಕೊಂಡಿದ್ದರೆ ಅದಕ್ಕೆ ಚಿಕಿತ್ಸೆಯೂ ಇದೆ.

ಕೇಳೋದು ಯಾವಾಗ ಅನ್ನೋದೂ ಮುಖ್ಯ. ರಾತ್ರಿ ಮಲಗುವಾಗ ಬೇಡ, ಅತ್ತೆ ಜೊತೆ ಮಾತಾದ ಮೇಲೂ ಬೇಡ. ಊರಾಚೆ ಎಲ್ಲಾದರೂ, ಕುಂದುವಾಡ ಕೆರೆ ಏರಿ ಮೇಲೆ ನಡೆಯುವಾಗ ಆದರೂ ಸರಿ, 'ನನ್ನದೆಲ್ಲ ಆಯ್ತು, ಇನ್ನು ಮುಂದೆ ನಿಮ್ಮ ರಿಪೋರ್ಟ್ ಬರೋವರೆಗೂ ನಾನು ಒಂದು ಸೂಜಿನೂ ಚುಚ್ಚಿಸಿಕೊಳ್ಳಲ್ಲ' ಅಂತ ನೇರವಾಗಿ ಹೇಳಿ. ಕೂಗಾಡೋದು ಬೇಡ, ಅಳೋದೂ ಬೇಡ. ಹೇಳಿ, ಹಾಗೇ ನಡೆದುಕೊಳ್ಳಿ. ಇದು ಹಟ ಅಂತ ಯಾರಾದರೂ ಅಂದರೆ ಅನ್ನಲಿ. ಅವರ ಟೆಸ್ಟ್ ಇಲ್ಲದೆ ಮುಂದಿನ ಚಿಕಿತ್ಸೆ ಯಾವುದು ಅಂತ ಯಾವ ಡಾಕ್ಟರೂ ಸರಿಯಾಗಿ ನಿರ್ಧರಿಸೋಕಾಗಲ್ಲ, ಹಾಗಾಗಿ ನೀವು ಕಳೆದುಕೊಳ್ಳೋದೇನೂ ಇಲ್ಲ.

ಇನ್ನು ಆರತಿ ತಟ್ಟೆ. ದೊಡ್ಡತ್ತೆ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮಗೆ ಚುಚ್ಚಿದ್ದು ಅದಕ್ಕಿಂತ ಜಾಸ್ತಿ ಯಜಮಾನರು ಸುಮ್ಮನಾದದ್ದು, ಅಲ್ವಾ? ಅದನ್ನು ಅವರಿಗೆ ಹೇಳಿದ್ದೀರಾ? ಪತ್ರದಲ್ಲಿ ಹೇಳಿದ ಹಾಗಿಲ್ಲ. ಗಂಡಸರು ಎಷ್ಟೋ ಸಲ 'ಹೆಂಗಸರ ವಿಷಯ' ಅಂತ ಪಕ್ಕಕ್ಕೆ ಸರಿದುಬಿಡುತ್ತಾರೆ, ಸರಿದದ್ದು ಹೆಂಡತಿಗೆ ಕೈ ಬಿಟ್ಟ ಹಾಗೆ ಕಾಣುತ್ತದೆ ಅಂತ ಅವರಿಗೆ ಹೊಳೆಯೋದೇ ಇಲ್ಲ. ಮುಂದಿನ ಸಲ ಇಂಥದ್ದು ಆದಾಗ ಅವರು ಭಾಷಣ ಮಾಡಬೇಕಾಗಿಲ್ಲ. 'ದೊಡ್ಡಮ್ಮ, ತಟ್ಟೆ ಅವಳ ಕೈಲೇ ಇರಲಿ' ಅಂದರೆ ಸಾಕು. ಮನೆಗೆ ಬಂದವರ ಮುಂದೆ ಅತ್ತೆ ಕಥೆ ಶುರು ಮಾಡಿದಾಗಲೂ ತಡೆಯಬೇಕಾದವರು ಮಗನೇ. ಸೊಸೆ ಹೇಳಿದರೆ ಅದು ಜಗಳ ಆಗುತ್ತದೆ, ಮಗ ಹೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ನಮ್ಮ ಮನೆಗಳು ನಡೆಯೋದೇ ಹೀಗೆ, ಏನು ಮಾಡೋದು.

ಕೊನೆಗೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕ್ಯಾಲೆಂಡರ್ ಮೇಲೆ ಗುರುತು ಹಾಕಿ, ಡಾಕ್ಟರ್ ಹೇಳಿದ ದಿನ ಮಾತ್ರ ಹತ್ತಿರ ಬರೋದು, ಉಳಿದ ದಿನ ಬೆನ್ನು ತಿರುಗಿಸಿ ಮಲಗೋದು ಅಂತ ಆಗಿದ್ದರೆ ಅದನ್ನು ಬಿಡಿ. ಆ ಒತ್ತಡಕ್ಕೆ ಆ ದಿನವೇ ಆಗದೆ ಹೋಗೋದು ಎಷ್ಟೋ ಗಂಡಸರಿಗೆ ಇದೆ, ಯಾರೂ ಬಾಯಿ ಬಿಟ್ಟು ಹೇಳಲ್ಲ ಅಷ್ಟೇ. ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದಕ್ಕೂ ಮುಂಚಿನ ಐದು ದಿನ ಗರ್ಭ ನಿಲ್ಲುವ ಸಾಧ್ಯತೆ ಇರುವ ಕಾಲ. ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿದ್ದರೆ ಆ ಕಾಲ ತಾನಾಗೇ ಸಿಗುತ್ತದೆ, ಲೆಕ್ಕ ಬೇಕಾಗಿಲ್ಲ.

ಪ್ರಶ್ನೆ: ಗೆಳತಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಕರೆದಿದ್ದಾಳೆ. ಹೋದರೆ ಅಳು ಬರುತ್ತೆ, ಹೋಗದಿದ್ದರೆ ಹೊಟ್ಟೆಕಿಚ್ಚು ಅಂತಾರೆ. (ಹರಿಹರ)

ಉತ್ತರ: ಹೋಗಬೇಡಿ. ಒಂದು ಜುಬ್ಬಾ, ಟೋಪಿ ಕಳಿಸಿ, ಮುಂದೊಂದು ದಿನ ಜನ ಇಲ್ಲದಾಗ ಹೋಗಿ ಮಗು ನೋಡಿಕೊಂಡು ಬನ್ನಿ. ಗೆಳತಿಗೆ ಮಾತ್ರ ನಿಜ ಹೇಳಿ, ಉಳಿದವರಿಗೆ ಹುಷಾರಿರಲಿಲ್ಲ ಅಂದರೆ ಆಯ್ತು. ಅವರ ಖುಷಿಗೆ ಖುಷಿ, ನಮ್ಮ ನೋವಿಗೆ ನೋವು, ಎರಡೂ ಒಟ್ಟಿಗೇ ಇರೋದು ಹೊಟ್ಟೆಕಿಚ್ಚಲ್ಲ.

ಪ್ರಶ್ನೆ: ನಾನು 34 ವರ್ಷದವನು. ನನ್ನ ರಿಪೋರ್ಟಿನಲ್ಲಿ ವೀರ್ಯಾಣು ಸೊನ್ನೆ ಅಂತ ಬಂದಿದೆ. ಹೆಂಡತಿಗೆ ಮಾತ್ರ ಗೊತ್ತು. ಮನೆಯಲ್ಲಿ ಅಪ್ಪ ಅಮ್ಮ ಅವಳಿಗೇ ಅಂತಾರೆ, ಅವಳು ನನ್ನ ಹೆಸರು ಹೇಳದೆ ಸಹಿಸಿಕೊಂಡು ಇದ್ದಾಳೆ. ಸ್ನೇಹಿತ ಒಬ್ಬ ನಾಟಿ ಪುಡಿ ಕೊಡಿಸಿದ್ದಾನೆ, ತಿಂಗಳಿಗೆ ನಾಲ್ಕು ಸಾವಿರ. ತಗೋಬಹುದಾ? ಮನೆಯಲ್ಲಿ ಹೇಳಬೇಕಾ? (ಚಳ್ಳಕೆರೆ)

ಉತ್ತರ: ಪುಡಿ ನಿಲ್ಲಿಸಿ, ಇವತ್ತೇ. ಒಳಗೆ ಏನು ಹಾಕಿದ್ದಾರೆ ಅಂತ ಬರೆಯದ ಯಾವ ಪುಡಿಯನ್ನೂ ತಿನ್ನಬೇಡಿ, ಯಾರೇ ಕೊಡಲಿ.

ಸೊನ್ನೆ ಅಂದ ಕೂಡಲೇ ಎಲ್ಲ ಮುಗಿಯಿತು ಅಂತಲ್ಲ. ನೂರು ಗಂಡಸರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಮೊದಲು ಇನ್ನೊಂದು ಸಲ ಟೆಸ್ಟ್ ಮಾಡಿಸಿ, ಆದರೆ ಬೇರೆ ಒಳ್ಳೆಯ ಲ್ಯಾಬಿನಲ್ಲಿ. ಎರಡನೇ ಸಲವೂ ಸೊನ್ನೆ ಬಂದರೆ ಯುರಾಲಜಿಸ್ಟ್ ಅಥವಾ ಗಂಡಸರ ಬಂಜೆತನ ನೋಡುವ ಆಂಡ್ರಾಲಜಿಸ್ಟ್ ಹತ್ತಿರ ಹೋಗಿ. ಅವರು ಮೈ ಪರೀಕ್ಷೆ ಮಾಡಿ, ಹಾರ್ಮೋನ್ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ವೀರ್ಯಾಣು ತಯಾರಾಗ್ತಾ ಇದೆ, ಹೊರಗೆ ಬರೋ ದಾರಿ ಮಾತ್ರ ಮುಚ್ಚಿದೆಯಾ, ಇಲ್ಲಾ ತಯಾರಾಗೋದೇ ಇಲ್ವಾ, ಇದು ಗೊತ್ತಾಗಬೇಕು. ದಾರಿ ಮುಚ್ಚಿದ್ದರೆ ವೃಷಣದಿಂದಲೇ ಸೂಜಿಯಲ್ಲಿ ತೆಗೆದು ಇಕ್ಸಿ ಮಾಡಬಹುದು, ಅಂದರೆ ಒಂದೊಂದು ವೀರ್ಯಾಣುವನ್ನು ಒಂದೊಂದು ಅಂಡಾಣುವಿನೊಳಗೆ ಲ್ಯಾಬಿನಲ್ಲಿ ಚುಚ್ಚುವುದು. ಮೆದುಳಿನಿಂದ ಬರುವ ಹಾರ್ಮೋನ್ ಕಮ್ಮಿಯಾಗಿ ಹೀಗಾಗಿದ್ದರೆ ತಿಂಗಳುಗಟ್ಟಲೆ ಇಂಜೆಕ್ಷನ್ ತಗೊಂಡು ಸರಿಯಾದವರೂ ಇದ್ದಾರೆ. ಜಿಮ್‌ಗೆ ಹೋಗ್ತೀರಾ? ಮೈ ಬರಲಿ ಅಂತ ಟೆಸ್ಟೋಸ್ಟೆರಾನ್, ಸ್ಟೆರಾಯ್ಡ್ ಚುಚ್ಚಿಸಿಕೊಂಡಿದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಅದು ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡುತ್ತದೆ.

ಏನು ಮಾಡಿದರೂ ಸಿಗದಿದ್ದರೆ ದಾನಿಯ ವೀರ್ಯ ಅನ್ನೋ ದಾರಿ ಇದೆ. ಇಂಥ ಚಿಕಿತ್ಸೆಗಳಿಗೆಂದೇ ಬಂದ 2021ರ ಕಾಯ್ದೆ ಪ್ರಕಾರ ನೋಂದಣಿಯಾದ ವೀರ್ಯ ಬ್ಯಾಂಕಿನಿಂದಲೇ ತರಬೇಕು, ನಿಮ್ಮಿಬ್ಬರ ಲಿಖಿತ ಒಪ್ಪಿಗೆ ಬೇಕು, ಹುಟ್ಟುವ ಮಗು ಕಾನೂನಿನಲ್ಲಿ ನಿಮ್ಮದೇ. ಇದಕ್ಕೆ ಮನಸ್ಸು ಒಪ್ಪೋಕೆ ಕೆಲವರಿಗೆ ವರ್ಷ ಬೇಕಾಗುತ್ತದೆ, ಕೆಲವರಿಗೆ ಒಪ್ಪುವುದೇ ಇಲ್ಲ. ಎರಡೂ ಸರಿ. ಒಬ್ಬರು ಒಪ್ಪಿ ಇನ್ನೊಬ್ಬರನ್ನು ಎಳೆದುಕೊಂಡು ಹೋಗೋದು ಮಾತ್ರ ಬೇಡ.

ಮನೆಯಲ್ಲಿ ಹೇಳೋ ವಿಷಯ. ರಿಪೋರ್ಟಿನ ಅಂಕಿ ಅಂಶ ಅಪ್ಪ ಅಮ್ಮನಿಗೆ ಬೇಕಾಗಿಲ್ಲ, ಅದು ನಿಮ್ಮಿಬ್ಬರ ಗುಟ್ಟಾಗೇ ಇರಲಿ. ಆದರೆ ನಿಮ್ಮ ಮರ್ಯಾದೆ ಕಾಪಾಡೋಕೆ ಅವಳು ಬೈಸಿಕೊಳ್ಳುತ್ತಿದ್ದಾಳೆ, ನೀವು ಪಕ್ಕದ ರೂಮಿನಲ್ಲಿ ಕೇಳಿಸಿಕೊಂಡು ಕೂತಿದ್ದೀರಿ. ಇದು ನಿಲ್ಲಬೇಕು. 'ಅಮ್ಮ, ಡಾಕ್ಟರ್ ಚಿಕಿತ್ಸೆ ಬರೆದುಕೊಟ್ಟಿರೋದು ನನಗೆ. ಅವಳಿಗೆ ಇನ್ನು ಒಂದು ಮಾತೂ ಅನ್ನಬೇಡ' ಅನ್ನಿ. ಗಂಟಲು ಕಟ್ಟುತ್ತದೆ, ಕಟ್ಟಲಿ. ಹೇಳಿದ ಮೇಲೆ ಅಮ್ಮ ಅಳಬಹುದು, ಅಪ್ಪ ಒಂದು ವಾರ ಮಾತಾಡದೇ ಇರಬಹುದು. ಎದುರು ಕೂತು ಹೇಳೋ ಧೈರ್ಯ ಇಲ್ಲದಿದ್ದರೆ ಫೋನಿನಲ್ಲಿ ಹೇಳಿ, ಅಕ್ಕನ ಕೈಲಾದರೂ ಹೇಳಿಸಿ, ಆದರೆ ಈ ತಿಂಗಳು ದಾಟಿಸಬೇಡಿ.

ರಾತ್ರಿ ನಿದ್ದೆ ಬರ್ತಾ ಇಲ್ಲ, ಬದುಕೇ ಬೇಡ ಅನ್ನಿಸ್ತಾ ಇದೆ ಅಂತ ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿತ್ತು, ಅದನ್ನು ಇಲ್ಲಿ ಅಚ್ಚು ಹಾಕಿಲ್ಲ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತಾರೆ.

ಪ್ರಶ್ನೆ: ನನಗೆ 62. ಸೊಸೆಗೆ ಏನೂ ಕೇಳಬೇಡ ಅಂತ ಮಗ ಖಡಾಖಂಡಿತ ಹೇಳಿದಾನೆ. ಈಗ ಟೆಸ್ಟ್ ಟ್ಯೂಬ್ ಮಾಡಿಸ್ತಾರಂತೆ. ಅಂಥ ಮಕ್ಕಳು ಚೆನ್ನಾಗಿರ್ತಾವಾ? ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಹೊತ್ತಿದ್ದೆ, ಅದಕ್ಕೂ ಬರಲ್ಲ ಅಂತಾರೆ. ನಾನು ಸುಮ್ನೆ ಕೂರಬೇಕಾ? (ಚನ್ನಗಿರಿ)

ಉತ್ತರ: ಅಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಮೊಮ್ಮಗು ಬೇಕು ಅನ್ನೋದು ತಪ್ಪಲ್ಲ. ಮಗ ಹೇಳಿದ್ದೂ ಸರಿಯೇ.

ಟೆಸ್ಟ್ ಟ್ಯೂಬ್ (ಡಾಕ್ಟರುಗಳು ಐವಿಎಫ್ ಅನ್ನೋದು ಇದಕ್ಕೇ) ಅಂದರೆ ಮಗು ಗಾಜಿನ ನಳಿಗೆಯಲ್ಲಿ ಬೆಳೆಯಲ್ಲ. ನಿಮ್ಮ ಮಗನದು, ಸೊಸೆಯದು ಸೇರಿಸಿ ಲ್ಯಾಬಿನಲ್ಲಿ ಮೂರರಿಂದ ಐದು ದಿನ ಇಟ್ಟು ಆಮೇಲೆ ಸೊಸೆಯ ಗರ್ಭಕ್ಕೇ ಬಿಡುತ್ತಾರೆ. ಒಂಬತ್ತು ತಿಂಗಳು ಬೆಳೆಯೋದು ಅಲ್ಲೇ. ಇದು ನಿನ್ನೆ ಮೊನ್ನೆಯದೂ ಅಲ್ಲ. ಇಂಗ್ಲೆಂಡಿನಲ್ಲಿ ಮೊದಲ ಮಗು ಹುಟ್ಟಿದ್ದು 1978ರ ಜುಲೈನಲ್ಲಿ, ಅದಾಗಿ ಮೂರು ತಿಂಗಳೊಳಗೆ ನಮ್ಮ ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಕೈಯಲ್ಲಿ ಇನ್ನೊಂದು ಹೆಣ್ಣುಮಗು. ಆ ಡಾಕ್ಟರನ್ನು ಆಗ ಯಾರೂ ನಂಬಲಿಲ್ಲ, ಆ ಕಥೆ ಬೇರೆ. ಆವಾಗಿನಿಂದ ಲಕ್ಷಗಟ್ಟಲೆ ಮಕ್ಕಳು ಹೀಗೇ ಹುಟ್ಟಿ ಬೆಳೆದು, ಅವರಿಗೂ ಮಕ್ಕಳಾಗಿವೆ. ಅವಳಿ ಮಕ್ಕಳಾದರೆ ಸ್ವಲ್ಪ ಜಾಸ್ತಿ ಜೋಪಾನ ಬೇಕು, ಅದನ್ನು ಡಾಕ್ಟರ್ ಹೇಳುತ್ತಾರೆ.

ಹರಕೆ ನಿಮ್ಮದು, ನೀವೇ ಹೋಗಿ ತೀರಿಸಿ ಬನ್ನಿ. ಅವರನ್ನು ಎಳೆಯಬೇಡಿ. ಇಂಜೆಕ್ಷನ್ ನಡೆಯುವ ದಿನಗಳಲ್ಲಿ ಸೊಸೆಗೆ ಹೊಟ್ಟೆ ಉಬ್ಬರಿಸುತ್ತದೆ, ಸುಸ್ತಾಗುತ್ತದೆ, ಸುಮ್ಮಸುಮ್ಮನೆ ಕಣ್ಣಲ್ಲಿ ನೀರು ಬರುತ್ತದೆ. ಬೆಳಗ್ಗೆ ರೊಟ್ಟಿ ತಟ್ಟೋದನ್ನು ಆ ಎರಡು ವಾರ ನೀವು ಮಾಡಿದರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ರಿಪೋರ್ಟ್ ಬರುವ ದಿನ 'ಏನಾಯ್ತು' ಅಂತ ಬಾಗಿಲಲ್ಲಿ ನಿಲ್ಲಬೇಡಿ. ಅವರಾಗಿ ಹೇಳಲಿ.

ಪ್ರಶ್ನೆ: ನನಗೆ 41, ಹೆಂಡತಿಗೆ 38. ಎರಡು ಸಲ ಐವಿಎಫ್ ಫೇಲಾಯ್ತು. ಸಾಲ ಇದೆ. ಮೂರನೆಯದಕ್ಕೆ ಹೋಗೋಣ ಅಂತ ಅವಳು, ಸಾಕು ಅಂತ ನಾನು. ಈ ಮಧ್ಯೆ ಪರಿಚಯದವರೊಬ್ಬರು ನರ್ಸಿಂಗ್ ಹೋಮ್ ಒಂದರಲ್ಲಿ ಮದುವೆಯಾಗದ ಹುಡುಗಿಯ ಮಗು ಸಿಗುತ್ತೆ, ಬರ್ತ್ ಸರ್ಟಿಫಿಕೇಟ್ ನಿಮ್ಮ ಹೆಸರಿಗೇ ಮಾಡಿಸ್ತೀವಿ, ಮೂರು ಲಕ್ಷ ಆಗುತ್ತೆ ಅಂತಿದ್ದಾರೆ. ಏನು ಮಾಡೋದು? ದತ್ತು ಮಗುವಿಗೆ ಮುಂದೆ ವಿಷಯ ಹೇಳಬೇಕಾ? (ಚಿತ್ರದುರ್ಗ)

ಉತ್ತರ: ಆ ಪರಿಚಯದವರ ಫೋನ್ ಎತ್ತಬೇಡಿ. ಅದು ದತ್ತು ಅಲ್ಲ, ಮಗು ಮಾರಾಟ. ಬಾಲನ್ಯಾಯ ಕಾಯ್ದೆಯಲ್ಲಿ ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ದಂಡ. ಅದಕ್ಕಿಂತ ಹೆಚ್ಚಿಗೆ, ಮಗು ನಿಮ್ಮನ್ನು ಅಪ್ಪ ಅನ್ನೋ ಹೊತ್ತಿಗೆ ಪೊಲೀಸರು ಬಂದು ಕರೆದುಕೊಂಡು ಹೋದರೆ ತಡೆದುಕೊಳ್ಳುವವರು ಯಾರು? ನಿಜವಾಗಿಯೂ ಅಲ್ಲೊಂದು ಕೂಸು ಇದ್ದರೆ 1098 ಮಕ್ಕಳ ಸಹಾಯವಾಣಿಗೆ ತಿಳಿಸಿ. ಹುಡುಗಿಗೂ ಮಗುವಿಗೂ ಅದೇ ಒಳ್ಳೇದು.

ಮೂರನೇ ಐವಿಎಫ್ ಬಗ್ಗೆ. ವಯಸ್ಸು ಏರಿದ ಹಾಗೆ ಅಂಡಾಣುವಿನ ಗುಣ ಇಳಿಯುತ್ತದೆ. 35ರ ಮೇಲೆ ಬೇಗ, 40 ದಾಟಿದರೆ ಇನ್ನೂ ಬೇಗ. ಸಣ್ಣ ವಯಸ್ಸಿನವರಿಗೂ ಒಂದು ಸಲದ ಪ್ರಯತ್ನ ಫಲಿಸೋದಕ್ಕಿಂತ ಫಲಿಸದೇ ಹೋಗೋದೇ ಹೆಚ್ಚು. ಬಸ್ಸಿನ ಹಿಂದೆ ಗ್ಯಾರಂಟಿ ಅಂತ ಹಾಕಿಕೊಂಡು ತಿರುಗುವವರು ಇದನ್ನು ಹೇಳಲ್ಲ. ಡಾಕ್ಟರ್ ಮುಂದೆ ಇಬ್ಬರೂ ಕೂತು ಕೇಳಿ: ಎರಡು ಸಲವೂ ಎಷ್ಟು ಅಂಡಾಣು ಸಿಕ್ಕಿತು, ಎಷ್ಟು ಭ್ರೂಣ ಐದನೇ ದಿನದವರೆಗೆ ಬೆಳೆಯಿತು, ಮೂರನೇ ಸಲ ಏನನ್ನು ಬದಲಿಸುತ್ತೀರಿ? ಏನೂ ಬದಲಿಸಲ್ಲ, ಸುಮ್ನೆ ಇನ್ನೊಂದು ಸಲ ನೋಡೋಣ ಅಂದರೆ ಆ ದುಡ್ಡು ಖರ್ಚು ಮಾಡಬೇಡಿ ಅಂತ ನಾನಾದರೂ ಹೇಳುತ್ತೇನೆ. ಸ್ಪಷ್ಟ ಉತ್ತರ ಕೊಟ್ಟರೆ ಯೋಚನೆ ಮಾಡಿ. ಆದರೆ ಹೊಸ ಸಾಲ ಮಾಡದೆ ಎಷ್ಟರವರೆಗೆ ಹೋಗಬಹುದು ಅಂತ ಮೊದಲೇ ಒಂದು ಗೆರೆ ಹಾಕಿಕೊಳ್ಳಿ, ಅದೂ ಶುರು ಮಾಡುವ ಮುಂಚೆ. ನಡುವೆ ಹಾಕಿದ ಗೆರೆ ನಿಲ್ಲಲ್ಲ. ಹೆಂಡತಿ ಇನ್ನೊಂದು ಸಲ ಅಂತಿರೋದು ಆಸೆಗಿಂತ ಹೆಚ್ಚಾಗಿ 'ನಾನು ಬಿಟ್ಟೆ ಅಂತ ಆಗಬಾರದು' ಅಂತಲೂ ಇರಬಹುದು. ಕೇಳಿ ನೋಡಿ.

ದತ್ತು ಬೇಕಿದ್ದರೆ ನೇರವಾದ ದಾರಿ ಇದು: ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ 'ಕಾರಾ'ದ ಪೋರ್ಟಲ್‌ನಲ್ಲಿ ಹೆಸರು ಹಚ್ಚೋದು. ಗೊತ್ತಾಗದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಹೇಳಿಕೊಡುತ್ತಾರೆ. ಮದುವೆಯಾಗಿ ಎರಡು ವರ್ಷ ಆಗಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಎರಡು ವರ್ಷದೊಳಗಿನ ಮಗುವಿಗೆ ಗಂಡ ಹೆಂಡಿರ ವಯಸ್ಸು ಸೇರಿ 85 ದಾಟಬಾರದು. ನಿಮ್ಮದು 79, ತಡಮಾಡಬೇಡಿ. ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ, ಆಗ ಸೋಫಾ ಹೊಸದಾಗಿರಬೇಕು ಅಂತೇನಿಲ್ಲ. ಚಿಕ್ಕ ಮಗುವಿಗೆ ಮೂರು ವರ್ಷಕ್ಕೂ ಮೇಲೆ ಕಾಯಬೇಕಾಗಬಹುದು. ಸ್ವಲ್ಪ ದೊಡ್ಡ ಮಗುವಾದರೆ ಬೇಗ ಸಿಗುತ್ತದೆ, ಅದನ್ನೂ ಯೋಚಿಸಿ. ಕೊನೆಯ ಆದೇಶ ಕೊಡೋದು ಈಗ ಜಿಲ್ಲಾಧಿಕಾರಿಗಳು, ಕೋರ್ಟಿಗೆ ಅಲೆಯಬೇಕಾಗಿಲ್ಲ.

ಮಗುವಿಗೆ ಹೇಳಬೇಕು, ಮಾತು ಅರ್ಥವಾಗುವ ವಯಸ್ಸಿನಿಂದಲೇ, ಕಥೆ ಹೇಳಿದ ಹಾಗೆ. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ. ಊರು ಅಂದ ಮೇಲೆ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಅದಕ್ಕಿನ್ನೂ ಟೈಮ್ ಇದೆ ಬಿಡಿ. ಈ ವಾರ ಇಬ್ಬರ ಆಧಾರ್, ಪ್ಯಾನ್, ಮದುವೆ ನೋಂದಣಿ ಪತ್ರ ತೆಗೆದು ಮೂರರಲ್ಲೂ ಹೆಸರು, ಇನಿಶಿಯಲ್ ಒಂದೇ ಥರ ಇದೆಯಾ ನೋಡಿ. ಮದುವೆ ನೋಂದಣಿ ಮಾಡಿಸಿಯೇ ಇಲ್ಲ ಅಂತಾದರೆ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬನ್ನಿ.